ತಂಬೂರಿಯ ಪಕ್ಕದ ಟ್ರಾಂಬೋನ್

ಟ್ರಾಂಬೋನಿನ ಸ್ಲೈಡ್ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಊದಿ ನೋಡಬೇಕಾಗಿಲ್ಲ. ಸ್ಲೈಡನ್ನು ನೆಟ್ಟಗೆ ಹಿಡಿದು, ಬೀಗದ ಉಂಗುರವನ್ನು ತಿರುಗಿಸಿ, ಹೊರಗಿನ ಕೊಳವೆಯಿಂದ ಕೈ ಸಡಿಲಿಸಿದರೆ ಸಾಕು. ಅದು ತನ್ನ ಭಾರಕ್ಕೆ ತಾನೇ, ಎಲ್ಲೂ ತಡೆಯದೆ, ಸದ್ದು ಮಾಡದೆ ಕೆಳಗಿಳಿಯಬೇಕು. ಬೀಳುವ ಮುನ್ನ ಹಿಡಿಯಲು ಕೆಳಗೆ ಇನ್ನೊಂದು ಕೈ ಸಿದ್ಧವಿರಬೇಕು. ನನ್ನ ಸ್ಲೈಡ್ ಹಾಗೆ ಇಳಿಯುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ವಾರವಾರ ಅದಕ್ಕೆ ಬೇಕಾದ್ದನ್ನು ಮಾಡುತ್ತೇನೆ, ಆದ್ದರಿಂದ ಇಳಿಯುತ್ತದೆ.

ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಒಬ್ಬ ಉದ್ದನೆಯ ಹಿತ್ತಾಳೆ ಕೊಳವೆಯನ್ನು ಮುಂದಕ್ಕೆ ಹಿಂದಕ್ಕೆ ಎಳೆಯುತ್ತ ಊದುವುದನ್ನು ಎಲ್ಲರೂ ನೋಡಿರುತ್ತಾರೆ. ಅದೇ ಟ್ರಾಂಬೋನ್. ಎಳೆಯುವ ಭಾಗವೇ ಸ್ಲೈಡ್. ಒಳಗೆ ಅಲುಗಾಡದ ಎರಡು ನೇರ ಕೊಳವೆಗಳು. ಅವುಗಳ ಮೇಲೆ ಜಾರುವ, ತುದಿಯಲ್ಲಿ ಬಾಗಿ ಒಂದಾಗುವ ಹೊರ ಕೊಳವೆ. ಎರಡರ ನಡುವೆ ಒಂದು ಕೂದಲು ಹಿಡಿಸಿದರೆ ಹೆಚ್ಚು. ಒಂದು ಕಣ ಧೂಳು ಸೇರಿದರೂ ಕೈಗೆ ಗೊತ್ತಾಗುತ್ತದೆ. ಕೈಗೆ ಗೊತ್ತಾದದ್ದು ಮರುಕ್ಷಣ ಕೇಳುವವರ ಕಿವಿಗೂ ಗೊತ್ತಾಗುತ್ತದೆ.

ನಾನು ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಅಳತೆಯ ವಿಭಾಗದಲ್ಲಿದ್ದೇನೆ. ಬೇರೆಯವರು ಕೊರೆದ ರಂಧ್ರ, ಬೇರೆಯವರು ಉಜ್ಜಿದ ದಂಡ ಒಂದಕ್ಕೊಂದು ಕೂಡುತ್ತವೆಯೇ ಎಂದು ಅಳೆದು ಹೇಳುವುದು ಕೆಲಸ. ಆದ್ದರಿಂದ ಸ್ಲೈಡ್ ನನಗೆ ಹೊಸ ವಿಷಯವಾಗಿರಲಿಲ್ಲ. ಕಾಲೇಜಿನ ಬ್ಯಾಂಡಿನಲ್ಲಿ ಅದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಬೇರೆ ಹುಡುಗಿಯರು ಅದರ ಉದ್ದ ನೋಡಿ ನಕ್ಕರು; ನಾನು ಅದರ ಒಳ ಕೊಳವೆ ನೋಡಿದೆ. ಮಾತು ಕಡಿಮೆ ಇರುವವರಿಗೆ ಅದೊಂದು ಅನುಕೂಲದ ವಾದ್ಯ. ಬಾಯಿ ಸದಾ ಕೆಲಸದಲ್ಲಿರುತ್ತದೆ. ಕೆಲಸ ಸಿಕ್ಕ ಮೇಲೆ ಪುಣೆ ಕ್ಯಾಂಪಿನ ಅಂಗಡಿಯಲ್ಲಿ ಹಳೆಯದೊಂದನ್ನು ಆರಿಸಿ ಮನೆಗೆ ತಂದೆ.

ಮನೆ ಚಿಂಚವಡದಲ್ಲಿ, ಮೂರನೆಯ ಮಹಡಿ. ಅಪ್ಪ ಅವ್ವ ಧಾರವಾಡದವರು. ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ಬಾಗಿಲಾಚೆ ಮರಾಠಿ, ಬಾಗಿಲೀಚೆ ಧಾರವಾಡ. ನಡುಮನೆಯ ಮೂಲೆಯಲ್ಲಿ ಹಸಿರು ಗವಸು ಹಾಕಿದ ತಂಬೂರಿ ಇದೆ. ಅವ್ವ ಮದುವೆಗೆ ಮೊದಲು ಹಾಡು ಕಲಿತವಳು. ಸಭೆಯಲ್ಲಿ ಎಂದೂ ಹಾಡಿಲ್ಲ, ಆದರೆ ಬೆಳಗಿನ ಚಹಾ ಆದ ಮೇಲೆ ತಂಬೂರಿ ಶ್ರುತಿ ಮಾಡಿಕೊಂಡು ಸ್ವಲ್ಪ ಹೊತ್ತು ಕೂತುಕೊಳ್ಳುತ್ತಾಳೆ.

ಅಂಥ ಮನೆಗೆ ನಾನು ಟ್ರಾಂಬೋನ್ ತಂದಾಗ ಅವ್ವ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ವರಾತದಾಗ ಕುದರಿ ಮುಂದ ಬಾರಸ್ತಾರಲ್ಲ, ಅದೇನ ಇದು?"

"ಅಲ್ಲೂ ಬಾರಿಸ್ತಾರ, ಬ್ಯಾರೆ ಕಡೇನೂ ಬಾರಿಸ್ತಾರ."

"ಛಲೋ ಆತು. ನಿನ್ನ ಮದುವ್ಯಾಗ ಬ್ಯಾಂಡಿನವರಿಗೆ ಹೇಳೂದು ಉಳೀತು."

ಅಂದಿನಿಂದ ಅದರ ಹೆಸರು ಕೊಳವಿ. ನೆಂಟರು ಬಂದರೆ ಕೊಳವಿಯ ಪೆಟ್ಟಿಗೆ ಮಂಚದ ಕೆಳಗೆ ಹೋಗುತ್ತಿತ್ತು. ಯಾರಾದರೂ ಕೇಳಿದರೆ, ಆಫೀಸಿನ ಸಾಮಾನು ಎನ್ನುತ್ತಿದ್ದಳು. ನಾನು ವಾದಿಸಲಿಲ್ಲ.

ಭಾನುವಾರ ಬೆಳಿಗ್ಗೆ ಬಚ್ಚಲ ನನ್ನದು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು. ಬಿಸಿ ನೀರು ಹಾಕಬಾರದು, ಮೇಲಿನ ಹೊಳಪಿನ ಲೇಪ ಏಳುತ್ತದೆ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಹೊರ ಕೊಳವೆಯೊಳಗೆ ಉದ್ದನೆಯ ಬಾಗುವ ಬ್ರಷ್ಷು ಹಾಕಿ ಎಳೆದು, ತೊಳೆದು, ನೀರು ಬಸಿಯಲು ಬಿಡುತ್ತೇನೆ. ಆಮೇಲೆ ಕಡ್ಡಿಗೆ ಅಪ್ಪನ ಹಳೆಯ ಧೋತರದ ಪಟ್ಟಿ ಸುತ್ತಿ ಒಳಗೆಲ್ಲ ಒರೆಸಬೇಕು. ಕಡ್ಡಿಯ ತುದಿ ಬಟ್ಟೆಯಿಂದ ಹೊರಗೆ ಇಣುಕಬಾರದು. ಯಾವ ಕೊಳವೆಯೊಳಗೆ ಕಡ್ಡಿ ಇದೆಯೋ ಅದೇ ಕೊಳವೆಯನ್ನು ಕೈಯಲ್ಲಿ ಹಿಡಿದಿರಬೇಕು. ಜೋಡಿಯ ಇನ್ನೊಂದನ್ನು ಹಿಡಿದರೆ ಎರಡೂ ಸೊಟ್ಟಗಾಗುತ್ತವೆ. ಒಳ ಕೊಳವೆಗಳ ತುದಿ ಸ್ವಲ್ಪ ದಪ್ಪ. ಸ್ಲೈಡ್ ನಿಜವಾಗಿ ತಾಗುವುದು ಅಲ್ಲಿ ಮಾತ್ರ. ಅಲ್ಲಿಗೆ ಸಾಸಿವೆಯಷ್ಟು ಕ್ರೀಮು ಹಚ್ಚಿ, ಬೆರಳಿನಿಂದ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಮೇಲೆ ನೀರು ಚಿಮುಕಿಸಬೇಕು. ಕ್ರೀಮಿನ ಮೇಲೆ ಹನಿಗಳು ಸಣ್ಣ ಮಣಿಗಳಂತೆ ನಿಲ್ಲುತ್ತವೆ. ಸ್ಲೈಡ್ ಓಡುವುದು ಆ ಮಣಿಗಳ ಮೇಲೆ. ಹೊಸಬರು ಮಾಡುವ ತಪ್ಪು ಒಂದೇ, ಹೆಚ್ಚು ಹಚ್ಚುವುದು.

"ಬಾಣಂತಿ ಮನಿ ಆಗೇದ ನಮ್ಮ ಬಚ್ಚಲ," ಎಂದು ಅವ್ವ ಹೊರಗಿನಿಂದ ಹೇಳುತ್ತಿದ್ದಳು. "ಕೂಸಿಗೆ ಎರದದ್ದು ಮುಗದಿದ್ರ ಹೇಳು, ನಿಮ್ಮಪ್ಪನ ಸ್ನಾನ ಆಗಬೇಕು."

ಬದಲಾದದ್ದು ಯಾವಾಗ ಎಂದು ನನಗೆ ನೆನಪಿದೆ. ಒಂದು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಒಂದು ನಿಧಾನದ ರಾಗಮಾಲೆಯಂಥ ತುಣುಕನ್ನು ಮತ್ತೆ ಮತ್ತೆ ಊದುತ್ತಿದ್ದೆ. ಅಡಿಗೆಮನೆಯಿಂದ ಅವ್ವನ ದನಿ ಬಂತು: "ಗಾಂಧಾರ ಇಳದದ ನೋಡು." ಮೇಲಕ್ಕೆತ್ತಿ ಊದಿದೆ. "ಈಗ ಸರಿ." ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

"ಪೇಟಿಗೆ ಇರೂ ಹಂಗ ಇದಕ್ಕ ಮನಿ ಇಲ್ಲೇನು? ಬೆರಳು ಎಲ್ಲಿ ಇಡ್ತಿ?" ಪೇಟಿ ಎಂದರೆ ನಮ್ಮಲ್ಲಿ ಹಾರ್ಮೋನಿಯಂ, ಮನಿ ಎಂದರೆ ಅದರ ಒತ್ತುಪಟ್ಟಿಗಳು.

"ಮನಿ ಇಲ್ಲ. ಗುಂಡಿ ಇಲ್ಲ. ಕೈ ಎಲ್ಲಿ ನಿಲ್ಲಬೇಕು ಅಂತ ಕಿವಿನ ಹೇಳಬೇಕು."

ಸ್ಲೈಡನ್ನು ಒಂದು ಸ್ವರದಿಂದ ಇನ್ನೊಂದಕ್ಕೆ ನಿಲ್ಲಿಸದೆ ಎಳೆದು ತೋರಿಸಿದೆ. ಅವ್ವ ತಲೆ ವಾಲಿಸಿ ಕೇಳಿದಳು.

"ಇದು ಮೀಂಡ," ಎಂದಳು. "ಪೇಟಿಗೆ ಇದು ಬರಂಗಿಲ್ಲ." ಹೇಳಿ ಒಲೆಯ ಕಡೆಗೆ ಹೋದಳು. ಆದರೆ ಮುಂದಿನ ಸಲ ನೆಂಟರು ಬಂದಾಗ ಪೆಟ್ಟಿಗೆ ಮಂಚದ ಕೆಳಗೆ ಹೋಗಲಿಲ್ಲ.

ಕ್ಯಾಂಪಿನಲ್ಲಿ ನಮ್ಮದೊಂದು ಹವ್ಯಾಸಿ ಬ್ಯಾಂಡ್ ಇದೆ. ಶನಿವಾರ ಸಂಜೆ ಒಂದು ಹಳೆಯ ಶಾಲೆಯ ಸಭಾಂಗಣದಲ್ಲಿ ಸೇರುತ್ತೇವೆ. ನಡೆಸುವವರು ನಿವೃತ್ತ ಸಂಗೀತ ಶಿಕ್ಷಕಿ. ಎಲ್ಲರೂ ಅವರನ್ನು ಮಿಸ್ ಎನ್ನುತ್ತೇವೆ, ಅವರಿಗಿಂತ ಸ್ವಲ್ಪವೇ ಚಿಕ್ಕವರಾದ ತುತ್ತೂರಿಯವರೂ. ಟ್ರಾಂಬೋನ್ ಇಬ್ಬರದು. ಒಂದು ನನ್ನದು, ಇನ್ನೊಂದು ವಿಮಾನ ನಗರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮೈಸೂರಿನ ಹುಡುಗನದು. ಅವನ ಉಸಿರು ದೊಡ್ಡದು, ದನಿ ತುಂಬಿಕೊಂಡಿರುತ್ತದೆ.

ಕಳೆದ ವರ್ಷದ ಕಾರ್ಯಕ್ರಮಕ್ಕೆ ಮಿಸ್ ಒಂದು ನಿಧಾನಗತಿಯ ರಚನೆಯನ್ನು ಆರಿಸಿದ್ದರು. ಅದರ ನಡುವೆ ಇಡೀ ಬ್ಯಾಂಡ್ ಸುಮ್ಮನಾಗಿ ಒಂದೇ ಟ್ರಾಂಬೋನ್ ನುಡಿಸುವ ಭಾಗವಿದೆ. ಮೆಲ್ಲಗೆ, ಉದ್ದಕ್ಕೆ, ಸ್ವರದಿಂದ ಸ್ವರಕ್ಕೆ ಜಾರುತ್ತ ಇಳಿಯುವ ಭಾಗ. ಅದು ನನಗೆ ಬೇಕಾಗಿತ್ತು. ನನಗೆ ಏನಾದರೂ ಬೇಕು ಎಂದು ಹೇಳಿಕೊಳ್ಳುವ ಅಭ್ಯಾಸವಿಲ್ಲ, ಆದರೆ ಇಷ್ಟು ಸ್ಪಷ್ಟವಾಗಿ ಬೇರೇನನ್ನೂ ಬಯಸಿದ್ದು ನೆನಪಿಲ್ಲ. ಇಬ್ಬರನ್ನೂ ಕೇಳಿ ಒಬ್ಬರಿಗೆ ಕೊಡುತ್ತೇನೆ ಎಂದರು ಮಿಸ್. ಸಭಾಂಗಣ ಖಾಲಿ ಸಿಕ್ಕ ಸಂಜೆಯನ್ನು ಅದಕ್ಕೆ ಗೊತ್ತುಮಾಡಿದರು. ಅದು ಖಂಡೇನವಮಿ, ಆಯುಧಪೂಜೆಯ ದಿನ, ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನಗೆ ಹೊಳೆದಿತ್ತು, ಆದರೆ ಅದರಿಂದ ತೊಂದರೆ ಏನೂ ಕಾಣಲಿಲ್ಲ. ಮನೆಯಲ್ಲಿ ಸಂಜೆ ಕ್ಯಾಂಪಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದ್ದೆ. ಏಕೆ ಎಂದು ಹೇಳಿರಲಿಲ್ಲ.

ಅಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ಪೂಜೆ. ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ, ಅರಿಷಿಣ ಕುಂಕುಮ, ತೆಂಗಿನಕಾಯಿ. ನಮ್ಮ ಅಳತೆಯ ಕೋಣೆಯಲ್ಲಿ ಕುಂಕುಮ ಎಲ್ಲಿ ಹಚ್ಚಬೇಕು ಎಂದು ಪ್ರತಿವರ್ಷ ನಾನೇ ನಿಂತು ತೋರಿಸುತ್ತೇನೆ: ಅಳೆಯುವ ವಸ್ತು ಇಡುವ ಕಲ್ಲಿನ ಹಾಸಿನ ಮೇಲೆ ಬೇಡ, ಅದರ ಕಬ್ಬಿಣದ ಕಾಲಿಗೆ. ಪೇಢೆ ಹಂಚಿ ಅರ್ಧ ದಿನಕ್ಕೆ ಬಿಟ್ಟರು. ಕಂಪನಿಯ ಬಸ್ಸಿನ ಮುಂದೆಯೂ ಮಾಲೆ ತೂಗಾಡುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನೋಡಿದೆ. ದೇವರ ಮುಂದೆ ಮಣೆ ಹಾಕಿ, ಮೇಲೆ ಕೆಂಪು ಖಣ ಹಾಸಿತ್ತು. ಒಂದು ಬದಿಗೆ ಪುಸ್ತಕಗಳು, ಅಪ್ಪನ ಪಾನಾ ಸ್ಕ್ರೂಡ್ರೈವರುಗಳು, ಈಳಿಗೆ. ನಡುವೆ ಗವಸು ತೆಗೆದ ತಂಬೂರಿ. ಅದಕ್ಕೆ ಒರಗಿಕೊಂಡಂತೆ, ಪೂರ್ತಿ ಜೋಡಿಸಿದ ನನ್ನ ಟ್ರಾಂಬೋನ್. ಅದರ ಅಗಲ ಬಾಯಿಗೆ ಮಲ್ಲಿಗೆ ದಂಡೆ.

"ಹೆಂಗ ಕಾಣ್ತದ?" ಎಂದಳು ಅವ್ವ. ನೆಂಟರ ಮುಂದೆ ಆಫೀಸಿನ ಸಾಮಾನಾಗಿದ್ದ ಕೊಳವಿಯನ್ನು ತಂಬೂರಿಯ ಪಕ್ಕ ಕೂರಿಸಿ, ನಾನೇನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.

"ಭಾಳ ಛಲೋ ಕಾಣ್ತದ," ಎಂದೆ. ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಸ್ಲೈಡಿನ ಬುಡದಲ್ಲಿ, ಒಳ ಕೊಳವೆ ಹೊರ ಕೊಳವೆಯೊಳಗೆ ಸೇರುವಲ್ಲಿ, ಒಂದು ಕೆಂಪು ಗೆರೆ ಕಂಡಿತು.

"ಅವ್ವ, ಕುಂಕುಮ ಎಲ್ಲಿ ಹಚ್ಚೀದಿ?"

"ನೀ ವಾರಾವಾರಾ ಯಾವುದಕ್ಕ ಸೇವಾ ಮಾಡ್ತಿ, ಅದಕ್ಕ. ಎಳದು, ಒಳಗಿನ ಎರಡಕ್ಕೂ ಅರಿಷಿಣ ಕುಂಕುಮ ಹಚ್ಚಿ, ಮಣಿ ಮ್ಯಾಲ ಹಿಡಸಲಿಲ್ಲಂತ ಮತ್ತ ಮುಚ್ಚೇನಿ. ನುಣ್ಣಗದ ಅದು, ಪುಡಿ ನಿಲ್ಲವಲ್ಲದು. ಎಣ್ಣ್ಯಾಗ ಕಲಿಸಿ ಹಚ್ಚಿದೆ."

ಒಂದು ಕೂದಲು ಹಿಡಿಸದ ಜಾಗಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಭಾಗವೇ ಮುಖ್ಯ ಎಂದು ಅವಳು ನನ್ನನ್ನೇ ನೋಡಿ ತಿಳಿದಿದ್ದಳು. ಬೇರೆ ಯಾರ ಮನೆಯಲ್ಲೂ ಇಷ್ಟು ಸರಿಯಾಗಿ ತಪ್ಪು ಮಾಡಲು ಆಗುತ್ತಿರಲಿಲ್ಲ.

"ಸಂಜೀಕ ಇದನ್ನ ಒಯ್ಯಬೇಕವ್ವ. ಅದಕಿಂತ ಮೊದಲ ತೊಳೀಬೇಕು."

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಪೂಜಾಕ್ಕ ಇಟ್ಟದ್ದು ಅದು. ನಾಳೆ ಮುಂಜಾನೆ ಕದಲಿಸೂ ತನಕ ಮುಟ್ಟೂಹಂಗಿಲ್ಲ. ಸಣ್ಣಾಕಿದ್ದಾಗ ಇವತ್ತ ಪುಸ್ತಕಾ ಮುಟ್ಟಬಾರದಂದ್ರ ಕುಣೀತಿದ್ದಿ, ಈಗ ಏನಾತು? ನಾ ತಂಬೂರಿ ಮುಟ್ಟೇನೇನು ಇವತ್ತ?"

ಮುಟ್ಟಿರಲಿಲ್ಲ. ವರ್ಷದಲ್ಲಿ ಅವಳು ಹಾಡಲು ಕೂರದ ಬೆಳಗು ಅದೊಂದೇ.

ನಾನು ಮೊದಲ ಸಲ ಎಲ್ಲವನ್ನೂ ಹೇಳಿದೆ: ಒಂಟಿಯಾಗಿ ನುಡಿಸುವ ಭಾಗ, ಮಿಸ್, ಮೈಸೂರಿನ ಹುಡುಗ, ಇವತ್ತಿನ ಸಂಜೆ. ಇವತ್ತು ಬಿಟ್ಟರೆ ಅದು ಅವನದು. ಹೋಗಿ ಸ್ಲೈಡ್ ಕೈಕೊಟ್ಟರೂ ಅವನದೇ. ಅವ್ವ ಮಣೆಯ ಪಕ್ಕ ಕೂತು ಕೇಳಿದಳು.

"ಇಷ್ಟು ದೊಡ್ಡ ಮಾತು, ಮನಿಯೊಳಗ ಹೇಳಬೇಕೋ ಬ್ಯಾಡೋ?"

"ಸಿಕ್ಕಮ್ಯಾಲ ಹೇಳಬೇಕಂತ ಮಾಡಿದ್ದೆ."

"ಸಿಗಲಿಲ್ಲಂದ್ರ ಹೇಳತಿದ್ದಿಲ್ಲ. ಗೊತ್ತದ ನಂಗ."

ಅಪ್ಪ ಕೆಳಗಿನಿಂದ ಬಂದರು. ಕೈಯಲ್ಲಿ ಸ್ಕೂಟರಿನ ಕೀಲಿ, ಹಣೆಯ ಮೇಲೆ ಕುಂಕುಮ. "ನಿಂಬಿಹಣ್ಣು ಒಡೀತು, ಒಂದು ಸುತ್ತೂ ಹೊಡದೆ," ಎಂದರು. ವಾಹನಕ್ಕೆ ಪೂಜೆಯಾದ ಕೂಡಲೇ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸಬೇಕು. ಪುಸ್ತಕ, ವಾದ್ಯ ನಿಲ್ಲಬೇಕು, ಗಾಡಿ ಓಡಬೇಕು. ಇದು ನಮ್ಮ ಮನೆಯ ಪದ್ಧತಿ ಮಾತ್ರವಲ್ಲ, ಕೆಳಗಿನ ಪಾರ್ಕಿಂಗಿನಲ್ಲಿ ಅಂದು ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಆಗ ನನಗೆ ದಾರಿ ಕಂಡಿತು. ಕಂಡ ದಾರಿ ಇಷ್ಟವಾಗಲಿಲ್ಲ.

"ಅವ್ವ, ಯಾವುದು ಮುಟ್ಟಬಾರದು, ಯಾವುದು ಓಡಸಬೇಕು?"

"ಸರಸ್ವತಿದು ಮುಟ್ಟಬಾರದು. ಗಾಲಿ ಇದ್ದದ್ದು ಓಡಸಬೇಕು."

"ಹೊಲಿಗಿ ಮಷಿನ್ನು?"

"ಪೂಜಾ ಆದಮ್ಯಾಲ ಒಂದು ಹೊಲಿಗಿ ಹಾಕಿ ಇಡ್ತೀನಿ. ಅದಕ್ಕೂ ಗಾಲಿ ಅದ."

"ಅಂದ್ರ ತೊಳದು, ಎಣ್ಣಿ ಹಾಕಿ, ಓಡಸೂವಂಥಾದ್ದೆಲ್ಲಾ ಒಂದು ಸಾಲು. ತಂಬೂರಿಗೆ ಎಣ್ಣಿ ಹಾಕ್ತಾರೇನು? ಇದು ಓಡಲಿಲ್ಲಂದ್ರ ದನೀನ ಇಲ್ಲ. ಇದೂ ಗಾಡಿ ಸಾಲಿಗೇ ಬರ್ತದ."

ಅಪ್ಪ ನಕ್ಕರು. "ಹಂಗಾರ ಇದರ ಕೆಳಗೂ ಒಂದು ನಿಂಬಿಹಣ್ಣು ಇಡ್ಲೇನು?"

"ನೀವು ಸುಮ್ಮನಿರ್ರಿ," ಎಂದಳು ಅವ್ವ. ಅವಳು ನಗಲಿಲ್ಲ. ಅವಳ ಕಣ್ಣು ಒಮ್ಮೆ ತಂಬೂರಿಯ ಮೇಲೆ, ಒಮ್ಮೆ ಅದಕ್ಕೊರಗಿದ ಟ್ರಾಂಬೋನಿನ ಮೇಲೆ ಹೋಗಿ ಬಂತು. ಅದು ವಾದ್ಯವೇ ಅಲ್ಲ ಎಂದು ಅವಳು ಇಷ್ಟು ವರ್ಷ ಹೇಳುತ್ತಿದ್ದಳು. ವಾದ್ಯ ಎಂದು ಒಪ್ಪಿಕೊಂಡ ದಿನವೇ ನಾನು ಎದುರಿಗೆ ಕೂತು, ಅಲ್ಲ, ಗಾಡಿ ಎಂದು ವಾದಿಸುತ್ತಿದ್ದೆ.

"ಮುಂಜಾನಿ ಎಷ್ಟು ಚಂದ ಅನಸ್ತು ಇದನ್ನಿಲ್ಲಿ ಇಟ್ಟಾಗ," ಎಂದಳು. ಆಮೇಲೆ ಎದ್ದು, ಮಂತ್ರಾಕ್ಷತೆ ತೆಗೆದುಕೊಂಡು ಟ್ರಾಂಬೋನಿನ ಮೇಲಷ್ಟೇ ಹಾಕಿ, ಎರಡೂ ಕೈಯಿಂದ ಹಿಡಿದು ಉತ್ತರಕ್ಕೆ ಸ್ವಲ್ಪ ಕದಲಿಸಿದಳು. ಪೂಜೆ ಮುಗಿಯಿತು ಎನ್ನುವುದಕ್ಕೆ ಅಷ್ಟೇ. ಮಲ್ಲಿಗೆ ದಂಡೆಯನ್ನು ತೆಗೆದು ತಂಬೂರಿಗೆ ಸುತ್ತಿದಳು.

"ಎತ್ತು. ಬಕೆಟ್ಟಿಗೆ ನೀರು ನಾ ಬಿಡ್ತೀನಿ. ಬಿಸಿ ಬ್ಯಾಡ, ಗೊತ್ತದ."

ಬಚ್ಚಲದಲ್ಲಿ ಸ್ಲೈಡನ್ನು ಎಳೆದೆ. ಖರ್ ಎಂದು ಸದ್ದಾಯಿತು. ಅವ್ವ ಬಾಗಿಲಲ್ಲೇ ಮುಖ ಸಿಂಡರಿಸಿದಳು. ಅವಳ ಕಿವಿಗೆ ವಿವರಣೆ ಬೇಕಾಗಲಿಲ್ಲ. ಹೊರ ಕೊಳವೆಯನ್ನು ಪೂರ್ತಿ ಹೊರಗೆಳೆದು ಒಳಗಿನದನ್ನು ಮೊದಲು ಸೋಪಿನ ನೀರಿನಲ್ಲಿ ಒರೆಸಿದೆ. ಎಣ್ಣೆ ನೀರಿಗೆ ಬಗ್ಗಲಿಲ್ಲ. ಸೋಪು ಸ್ವಲ್ಪ ಹೆಚ್ಚಿಗೆ ಹಾಕಿ, ಬೆರಳಿನಿಂದಲೇ, ಉಜ್ಜದೆ, ಸವರಿ ಸವರಿ ತೆಗೆದೆ. ಉಜ್ಜಿದರೆ ಕಣಗಳು ಗೀರುತ್ತವೆ. ಹೊರ ಕೊಳವೆಗೆ ಬ್ರಷ್ಷು ಹಾಕುವ ಮೊದಲು ಅವ್ವ ಮೇಲಿನಿಂದ ತಂಬಿಗೆಯಲ್ಲಿ ನೀರು ಹೊಯ್ದಳು, ನಾನು ಓರೆಯಾಗಿ ಹಿಡಿದೆ. ಕೆಳಗಿನಿಂದ ಓಕುಳಿಯೇ ಹರಿಯಿತು.

"ಯಾವ ಕೊಳವಿ ಹಿಡೀಲಿ?" ಎಂದಳು, ಕಡ್ಡಿಗೆ ಬಟ್ಟೆ ಸುತ್ತುವಾಗ.

"ಕಡ್ಡಿ ಯಾವುದರಾಗ ಅದನೋ ಅದನ್ನ. ಇನ್ನೊಂದನ್ನ ಹಿಡಿಬ್ಯಾಡ."

ಹಿಡಿದಳು. ತಂಬೂರಿಯ ದಂಡ ಹಿಡಿದು ಪಳಗಿದ ಕೈ. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಮೊದಲ ಬಟ್ಟೆ ಕೆಂಪಾಗಿ ಬಂತು. ಎರಡನೆಯದು ಹಳದಿ. ಆಮೇಲಿನದು ಗುಲಾಬಿ. ಅಪ್ಪನ ಧೋತರದಲ್ಲಿ ಇನ್ನು ಹರಿಯಲು ಏನೂ ಉಳಿಯಲಿಲ್ಲ ಎನ್ನುವ ಹೊತ್ತಿಗೆ ಬಟ್ಟೆ ಬೆಳ್ಳಗೆ ಹೊರಬಂತು. ತುದಿಯ ಬಾಗಿನೊಳಗೆ ಬಟ್ಟೆ ಹೋಗುವುದಿಲ್ಲ, ಅಲ್ಲಿ ಬ್ರಷ್ಷನ್ನೇ ನಂಬಬೇಕು. ನಂಬಿದೆ. ಕ್ರೀಮು ಹಚ್ಚಿ, ಒರೆಸಿ, ನೀರು ಚಿಮುಕಿಸಿ, ಜೋಡಿಸಿ, ನೆಟ್ಟಗೆ ಹಿಡಿದೆ. ಉಂಗುರ ತಿರುಗಿಸಿದೆ. ಸ್ಲೈಡ್ ಇಳಿಯಿತು. ಅರ್ಧಕ್ಕೆ ಒಮ್ಮೆ ಯೋಚಿಸಿದಂತೆ ನಿಂತು, ಮತ್ತೆ ಇಳಿಯಿತು.

"ನಿಂತು," ಎಂದಳು ಅವ್ವ.

"ಹೌದು."

ಮತ್ತೆ ಬಿಚ್ಚಿದೆ. ಒಳ ಕೊಳವೆಯ ದಪ್ಪ ತುದಿಯ ಅಂಚಿನಲ್ಲಿ ಉಗುರಿಗೆ ಸಿಕ್ಕದಷ್ಟು ಅರಿಷಿಣ ಕೂತಿತ್ತು. ಬೆಳಕಿಗೆ ಹಿಡಿದು ಹುಡುಕಿ ತೆಗೆದೆ. ಮುಂದಿನ ಸಲ ನಿಲ್ಲದೆ ಇಳಿಯಿತು.

ಅಪ್ಪ ಚೆಂಡು ಹೂವಿನ ಮಾಲೆಯ ಸ್ಕೂಟರಿನಲ್ಲಿ ಕ್ಯಾಂಪಿನ ತನಕ ಬಿಟ್ಟರು. ದಾರಿಯುದ್ದಕ್ಕೂ ಎಲ್ಲ ವಾಹನಗಳಿಗೂ ಮಾಲೆ. ಪೆಟ್ಟಿಗೆಯನ್ನು ಮಡಿಲಲ್ಲಿ ಅಡ್ಡ ಹಿಡಿದು ಕೂತಿದ್ದ ನನಗೆ ಭಯವೇನೂ ಇರಲಿಲ್ಲ. ಸ್ಲೈಡ್ ಹೇಗಿದೆ ಎಂದು ನನಗೆ ಗೊತ್ತಿತ್ತು. ಅಳೆದು ನೋಡಿದ ವಸ್ತುವಿನ ಬಗ್ಗೆ ನಾನು ಅನುಮಾನಪಡುವುದಿಲ್ಲ.

ಮೈಸೂರಿನ ಹುಡುಗ ಆಗಲೇ ಬಂದು ಕೂತಿದ್ದ. "ಏನ್ ಮೇಡಂ, ಹಬ್ಬದ ದಿನಾನೂ ಲೀವ್ ಇಲ್ವಾ?" ಎಂದ. "ನಾನಂತೂ ಹೋಳಿಗೆ ಬಿಟ್ಟು ಬಂದಿದೀನಿ. ಸೋಲೋ ಸಿಗ್ಲಿಲ್ಲ ಅಂದ್ರೆ ಡಬಲ್ ಲಾಸ್."

ಮಿಸ್ ನಮ್ಮ ಕಡೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತರು. ಯಾರು ನುಡಿಸುತ್ತಿದ್ದಾರೆ ಎಂದು ನೋಡದೆ ಕೇಳುವುದು ಅವರ ಕ್ರಮ. ನೋಡದಿದ್ದರೂ ಅವರಿಗೆ ಗೊತ್ತಾಗುತ್ತದೆ ಎಂಬುದು ಬೇರೆ ಮಾತು. ಅವನು ಮೊದಲು ನುಡಿಸಿದ. ದನಿ ಸಭಾಂಗಣವನ್ನು ತುಂಬಿತು. ಇಳಿಯುವ ಜಾಗದಲ್ಲಿ ಮಾತ್ರ ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿಯಾಗಿ ಕೇಳಿದವು. ಅವನ ಸ್ಲೈಡ್ ಒಣಗಿತ್ತು. ದೂರದಿಂದಲೇ ನನಗೆ ತಿಳಿಯಿತು.

ನಾನು ಎದ್ದು ನಿಂತು ಕೊಳವೆ ಬೆಚ್ಚಗಾಗಲೆಂದು ಎರಡು ಉದ್ದ ಸ್ವರ ಊದಿದೆ. ಉಸಿರಿನ ತೇವ ಸ್ಲೈಡಿನ ಬಾಗಿನಲ್ಲಿ ನೀರಾಗಿ ಸೇರುತ್ತದೆ. ಅದನ್ನು ಬಿಡಲು ಅಲ್ಲೊಂದು ಪುಟ್ಟ ಕೀಲಿ ಇದೆ. ಒತ್ತಿದೆ. ನೆಲದ ಮೇಲೆ ಬಿದ್ದ ಹನಿ ಕೆಂಪಗಿತ್ತು.

ಮಿಸ್ ಅದೇ ಹೊತ್ತಿಗೆ, ಯಾಕೆ ಶುರುಮಾಡಲಿಲ್ಲ ಎಂದು ತಿರುಗಿದ್ದರು. ಹನಿ ನೋಡಿ ಎದ್ದೇಬಿಟ್ಟರು. ತುಟಿ ಒಡೆದಿದೆಯಾ, ತೋರಿಸು ಎಂದು ಹಿಂದಿಯಲ್ಲಿ ಹೇಳುತ್ತ ಬಂದು ನನ್ನ ಗದ್ದ ಹಿಡಿದರು.

"ರಕ್ತ ಅಲ್ಲ ಮಿಸ್. ಕುಂಕುಮ," ಎಂದೆ. "ಮನೆಯಲ್ಲಿ ಇವತ್ತು ಇದಕ್ಕೆ ಪೂಜೆ ಮಾಡಿದರು."

ಅವರು ಹನಿಯನ್ನು, ಆಮೇಲೆ ಸ್ಲೈಡನ್ನು ನೋಡಿದರು. "ಒಳಗಡೆಯಾ?"

"ಒಳಗಡೆ."

"ಆದರೂ ಇದನ್ನು ತಂದೆಯಾ?"

"ತೊಳೆದು ತಂದಿದ್ದೇನೆ. ಬಾಗಿನಲ್ಲಿ ಒಂದು ಹನಿ ಉಳಿದಿತ್ತು. ಜಾರುವಲ್ಲಿ ಏನೂ ಇಲ್ಲ."

ಹಿಂದಿನಿಂದ ಮೈಸೂರಿನವನು ಕನ್ನಡದಲ್ಲಿ ಗೊಣಗಿದ: "ದೇವರ ಸಪೋರ್ಟ್ ತಗೊಂಡು ಬಂದಿದಾರೆ, ಇದು ಫೇರ್ ಅಲ್ಲ." ನನಗೆ ನಗು ಬಂತು. ಮಿಸ್ ಕಿಟಕಿಯ ಹತ್ತಿರ ಮರಳಿ ಬೆನ್ನು ಮಾಡಿ ಕೂತರು. ನಗು ಇಳಿಯುವ ತನಕ ಕಾದು ಊದಲು ಶುರುಮಾಡಿದೆ.

ಆ ಭಾಗವನ್ನು ನುಡಿಸಿದ್ದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸ್ಲೈಡ್ ಇದೆ ಎಂಬುದೇ ಮರೆಯಿತು. ಇಳಿಯುವ ಜಾಗ ಬಂದಾಗ ಕೈ ಹೋಯಿತು, ಸ್ವರ ಅದರ ಜೊತೆಗೇ ಹೋಯಿತು, ನಡುವೆ ಮೆಟ್ಟಿಲಿರಲಿಲ್ಲ. ಗಾಂಧಾರದ ಜಾಗದಲ್ಲಿ ಅಡಿಗೆಮನೆಯ ದನಿ ನೆನಪಾಗಿ ಕೂದಲೆಳೆಯಷ್ಟು ಮೇಲಕ್ಕೆ ನಿಲ್ಲಿಸಿದೆ.

ಮಿಸ್ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿದರು. "ದನಿ ಅವನದು ದೊಡ್ಡದು," ಎಂದರು. "ಆದರೆ ಈ ಭಾಗ ದನಿಯದಲ್ಲ, ಸ್ಲೈಡಿನದು. ನೀನೇ ನುಡಿಸು." ಆಮೇಲೆ ಅವನ ಕಡೆ ತಿರುಗಿ, ಕೊನೆಯ ಸಲ ಅದನ್ನು ತೊಳೆದದ್ದು ಯಾವಾಗ ಎಂದು ಕೇಳಿದರು. ಅವನು ಸೀಲಿಂಗ್ ನೋಡಿದ.

ಹೊರಗೆ ಬಂದ ಮೇಲೆ ಅವನು ನನ್ನ ಕ್ರೀಮಿನ ಹೆಸರು ಕೇಳಿದ. ಹೇಳಿದೆ, ಸಾಸಿವೆಯಷ್ಟು ಮಾತ್ರ ಎಂದೂ ಹೇಳಿದೆ. "ಮತ್ತೆ ಕುಂಕುಮ?" ಎಂದ. ಅದು ಐಚ್ಛಿಕ ಎಂದೆ.

ಮನೆಗೆ ಬಂದು ಸಿಕ್ಕಿತು ಎಂದಾಗ ಅಪ್ಪ ಪೇಢೆ ಡಬ್ಬಿ ತೆರೆದರು. ಅವ್ವ ಮಣೆಯ ಮೇಲೆ ಖಾಲಿ ಬಿಟ್ಟಿದ್ದ ಜಾಗವನ್ನು ನೋಡಿದಳು. ಟ್ರಾಂಬೋನನ್ನು ಅಲ್ಲಿ ಮತ್ತೆ ಇಡಲೇ ಎಂದು ಕೇಳಿದೆ. "ಒಮ್ಮೆ ಕದಲಿಸಿದ್ದು ಕದಲಿಸಿದ್ಹಂಗ," ಎಂದಳು. ಮುಂದೆ ಕಾರ್ಯಕ್ರಮದ ದಿನ ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಅವ್ವ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಮನೆಗೆ ಬರುವಾಗ ದಾರಿಯಲ್ಲಿ, "ಗಾಂಧಾರ ಸರಿ ಇತ್ತು," ಎಂದಳು. ಅಷ್ಟೇ.

ಈ ವರ್ಷ ಖಂಡೇನವಮಿಯಂದು ನಾನು ಎಲ್ಲಿಗೂ ಹೋಗಬೇಕಾಗದಂತೆ ಮೊದಲೇ ಮಿಸ್‌ಗೆ ಹೇಳಿದ್ದೆ. ಅವ್ವ ಮಣೆಗೆ ಖಣ ಹಾಸುತ್ತ ಕೇಳಿದಳು.

"ಈ ಸಲ ಗಾಡಿ ಸಾಲೋ, ತಂಬೂರಿ ಸಾಲೋ?"

"ತಂಬೂರಿ ಸಾಲು."

"ಹಂಗಾರ ನಾಳೆ ತನಕ ಮುಟ್ಟೂಹಂಗಿಲ್ಲ. ಈಗ ಹೇಳಿಬಿಡು."

"ಮುಟ್ಟಂಗಿಲ್ಲ."

ಕುಂಕುಮ ಎಲ್ಲಿ ಎಂದು ಅವಳು ಕೇಳುವ ಮೊದಲೇ, ಟ್ರಾಂಬೋನಿನ ಹಿಂದೆ, ಹೆಗಲ ಮೇಲೆ ಹೋಗುವ ಬಾಗಿನಲ್ಲಿ ತೂಕ ಸರಿದೂಗಲೆಂದು ಕೂರಿಸಿರುವ ಗಟ್ಟಿ ಹಿತ್ತಾಳೆಯ ಬಿಲ್ಲೆಯನ್ನು ತೋರಿಸಿದೆ. ಅಲ್ಲಿ ಏನು ಹಚ್ಚಿದರೂ ನಡೆಯುತ್ತದೆ. ಎಣ್ಣೆಯಲ್ಲಿ ಕಲಸಿಯೇ ಹಚ್ಚಿದಳು. ಆ ಸಂಜೆ ಮನೆಯಲ್ಲಿ ಅವಳೂ ಹಾಡಲಿಲ್ಲ, ನಾನೂ ಊದಲಿಲ್ಲ. ಇಬ್ಬರೂ ಕೈಗೆ ಕೆಲಸವಿಲ್ಲದೆ ಗೋರಿಕಾಯಿ ಬಿಡಿಸುತ್ತ ಕೂತೆವು.

ಮರುದಿನ ಬೆಳಿಗ್ಗೆ ಅವ್ವ ಮೊದಲು ತಂಬೂರಿಯನ್ನು, ಆಮೇಲೆ ಟ್ರಾಂಬೋನನ್ನು ಉತ್ತರಕ್ಕೆ ಕದಲಿಸಿದಳು. ನಾನು ಸ್ಲೈಡನ್ನು ಬಿಡಿಸಿ ನೆಟ್ಟಗೆ ಹಿಡಿದು ಬೀಗದ ಉಂಗುರ ತಿರುಗಿಸಿದೆ. ಅದು ನಿಲ್ಲದೆ, ಸದ್ದು ಮಾಡದೆ ಇಳಿಯಿತು. ಕೆಳಗೆ ಕೈ ಒಡ್ಡಿದ್ದವಳು ಅವ್ವ.